ಕಿಟಕಿಯಿಂದ ಕೂಗಿದ ಹೆಸರು

ಔಷಧಿ ಕೊಡುವ ಕಿಟಕಿಯ ಮೇಲಿನ ಅರ್ಧಕ್ಕೆ ಹಲಗೆ ಹೊಡೆದಿದ್ದರು. ಒಳಗೆ ನಿಂತವನಿಗೆ ಹೊರಗಿನವರ ಕೈ ಮಾತ್ರ ಕಾಣುತ್ತಿತ್ತು. ಮುಖ ನೋಡಬೇಕೆಂದರೆ ಬಗ್ಗಬೇಕು. ಕೆಲಸಕ್ಕೆ ಸೇರಿದ ಮೊದಲ ಮೂರು ವರ್ಷ ನಾನು ಬಗ್ಗಿದ್ದು ಕಡಿಮೆ. ಈ ಕೆಲಸಕ್ಕೆ ಈಗ ಸೇರುತ್ತಿರುವ ಹುಡುಗ ಹುಡುಗಿಯರಿಗಾಗಿ ಏನಾದರೂ ಬರೆದುಕೊಡಿ ಎಂದು ಕೇಳಿದಾಗ ನನಗೆ ಮೊದಲು ನೆನಪಾದದ್ದು ಆ ಹಲಗೆ.

ನನಗೆ ಯಾವಾಗ ಬಡ್ತಿ ಸಿಕ್ಕಿತು, ಎಲ್ಲೆಲ್ಲಿಗೆ ವರ್ಗವಾಯಿತು ಎಂಬುದೆಲ್ಲ ಸೇವಾ ಪುಸ್ತಕದಲ್ಲಿದೆ. ಅದರಲ್ಲಿ ಇಲ್ಲದ ಒಂದು ವಿಷಯವನ್ನು ಇಲ್ಲಿ ಬರೆಯುತ್ತೇನೆ. ನನಗೆ ಖಚಿತವಾಗಿ ಗೊತ್ತಿರುವುದನ್ನಷ್ಟೇ ಬರೆಯುತ್ತೇನೆ. ಗೊತ್ತಿಲ್ಲದ ಕಡೆ ಗೊತ್ತಿಲ್ಲ ಎಂದೇ ಹೇಳುತ್ತೇನೆ.

ಅದು ಐವತ್ತರ ದಶಕದ ನಡುಭಾಗ. ಜಯನಗರದಲ್ಲಿ ಆಗ ಮನೆಗಳಿಗಿಂತ ಸೈಟಿಗೆ ನೆಟ್ಟ ಕಲ್ಲುಗಳೇ ಹೆಚ್ಚು. ನಮ್ಮ ದವಾಖಾನೆ ಒಂದು ಬಾಡಿಗೆ ಮನೆಯಲ್ಲಿತ್ತು. ನಡುಮನೆ ಡಾಕ್ಟರ ಕೋಣೆ, ಅಡುಗೆಮನೆ ಔಷಧಿ ಕೋಣೆ. ಅಡುಗೆಮನೆಯ ಕಿಟಕಿ ಜಗಲಿಗೆ ತೆರೆಯುತ್ತಿತ್ತು. ನಾನು ಅಲ್ಲಿ ಕಿರಿಯ ಕಾಂಪೌಂಡರ್. ಆಗ ಔಷಧಿ ಎಂದರೆ ಬಹುಮಟ್ಟಿಗೆ ನಾವೇ ಕಲಸುವ ಮಿಕ್ಸ್ಚರ್. ಜನ ಮನೆಯಿಂದ ಬಾಟಲಿ ತರುತ್ತಿದ್ದರು. ಅದಕ್ಕೆ ಔಷಧಿ ತುಂಬಿ, ಒಂದು ಹೊತ್ತಿಗೆ ಎಷ್ಟು ಎಂದು ತಿಳಿಯುವ ಹಾಗೆ ಕಾಗದದ ಪಟ್ಟಿಗೆ ಕತ್ತರಿಯಿಂದ ಹಲ್ಲು ಕತ್ತರಿಸಿ ಅಂಟಿಸುತ್ತಿದ್ದೆವು. ಓದಲು ಬಾರದವರೂ ಹಲ್ಲು ಎಣಿಸಿ ಕುಡಿಯುತ್ತಿದ್ದರು.

ಜಯನಗರದ ಹೊಸ ಮನೆಗಳವರು ಬರುತ್ತಿದ್ದರು, ತಿಲಕ್ ನಗರದವರು ಬರುತ್ತಿದ್ದರು. ಆದರೆ ಹೆಚ್ಚಿನವರು ಉತ್ತರಹಳ್ಳಿ, ಚಿಕ್ಕಲಸಂದ್ರ, ವಸಂತಪುರದಿಂದ ನಡೆದು ಬರುವ ಒಕ್ಕಲು ಮಕ್ಕಳು. ಆ ಊರುಗಳಲ್ಲಿ ಹೆಸರುಗಳು ಕಡಿಮೆ, ಜನ ಹೆಚ್ಚು. ಒಂದೇ ಬೆಳಿಗ್ಗೆ ನಾಲ್ವರು ಮುನಿಯಪ್ಪ, ಮೂವರು ನಂಜಮ್ಮ ಇರುತ್ತಿದ್ದರು.

ನನಗೆ ಕೆಲಸ ಕಲಿಸಿದವರು ಹಿರಿಯ ಕಾಂಪೌಂಡರ್ ಸೀತಾರಾಮಯ್ಯನವರು. ಅವರ ನಿಯಮ ಒಂದೇ: ಔಷಧಿ ಕೊಡುವಾಗ ಊರು, ಹೆಸರು, ಕಾಯಿಲೆ, ಮೂರನ್ನೂ ಗಟ್ಟಿಯಾಗಿ ಕೂಗಬೇಕು. ಅದಕ್ಕೆ ಕಾರಣವಿತ್ತು. ನಾನು ಸೇರುವ ಮುಂಚೆ ಉತ್ತರಹಳ್ಳಿಯ ಒಬ್ಬ ಮುನಿಯಪ್ಪನ ಮೊಣಕಾಲಿಗೆ ಉಜ್ಜುವ ಎಣ್ಣೆ ಅದೇ ಊರಿನ ಇನ್ನೊಬ್ಬ ಮುನಿಯಪ್ಪನ ಕೈಗೆ ಹೋಗಿತ್ತು. ಅವನಿಗಿದ್ದದ್ದು ಹೊಟ್ಟೆನೋವು. ಒಂದು ಗುಟುಕು ಕುಡಿದುಬಿಟ್ಟ. ಬದುಕಿಕೊಂಡನಂತೆ, ಆದರೆ ಸೀತಾರಾಮಯ್ಯನವರು ಅದನ್ನು ಹೇಳುವಾಗ ವರ್ಷಗಳ ನಂತರವೂ ಅಂಗೈ ಒರೆಸಿಕೊಳ್ಳುತ್ತಿದ್ದರು. ಆ ನಿಯಮ ಹುಟ್ಟಿದ್ದು ಅವರ ಭಯದಿಂದ. ಯಾರನ್ನೂ ಹೀಯಾಳಿಸಲು ಅವರು ಅದನ್ನು ಮಾಡಿರಲಿಲ್ಲ. ಇದನ್ನು ನೀವು ನೆನಪಿಡಬೇಕು.

ಹಾಗಾಗಿ ನಾನು ಕೂಗುತ್ತಿದ್ದೆ. "ಉತ್ತರಹಳ್ಳಿ ಮುನಿಯಪ್ಪ, ಭೇದಿ!" "ತಿಲಕ್ ನಗರ ಸಾವಿತ್ರಮ್ಮ, ಬಿಳುಪು ಹೋಗೋದು!" ಜಗಲಿಯಲ್ಲಿ ಕೂತವರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ನನ್ನ ಗಂಟಲು ಚೆನ್ನಾಗಿತ್ತು.

ನಗದೆ ಇದ್ದವರು ನಮ್ಮ ಆಯಾ ಮೇರಿಯಮ್ಮ ಒಬ್ಬರೇ. ತಿಲಕ್ ನಗರದವರು, ಮನೆಮಾತು ತಮಿಳು, ನಾಲಿಗೆ ಹರಿತ. ನನಗೆ ಆಗ ತೊಡೆಯಲ್ಲಿ ಹುಳುಕಡ್ಡಿ ಆಗಿತ್ತು. ಯಾರಿಗೂ ಹೇಳದೆ ಮುಲಾಮು ತೆಗೆದುಕೊಳ್ಳುವುದನ್ನು ಅವರು ನೋಡಿದ್ದರು.

"ಏನಪ್ಪಾ ಕಾಂಪೌಂಡರೇ, ನಾನೂ ಒಂದು ದಿನ ಕೂಗ್ಲಾ? ಜಯನಗರ ಕಾಂಪೌಂಡರ್, ತೊಡೆ ಹುಳುಕಡ್ಡಿ ಅಂತ?"

"ಸುಮ್ನಿರಿ ಮೇರಿಯಮ್ಮ, ಯಾರಾದ್ರೂ ಕೇಳಿಸ್ಕೋತಾರೆ."

"ಓಹೋ. ನಿಮಗೆ ಬಂದ್ರೆ ಗುಟ್ಟು, ಅವರಿಗೆ ಬಂದ್ರೆ ಟಾಂ ಟಾಂ."

ನಾನು ಅದನ್ನೂ ತಮಾಷೆ ಎಂದುಕೊಂಡೆ.

ನಂಜಮ್ಮನನ್ನು ನಾನು ಮೊದಲು ತಿಳಿದದ್ದು ಧ್ವನಿಯಿಂದ. ದವಾಖಾನೆಗೆ ಎರಡು ರಸ್ತೆ ಆಚೆ ನನ್ನ ಬಾಡಿಗೆ ಕೋಣೆ. ಬೆಳಿಗ್ಗೆ ಹಾಲಿನವನು ಬಂದು ಹೋದ ಮೇಲೆ, ಬುಟ್ಟಿ ಹೊತ್ತ ಹೆಂಗಸೊಬ್ಬಳು "ದಂಟೂ, ಸಬ್ಬಸಿಗೇ, ಮೆಂತ್ಯಾ" ಎಂದು ಕೂಗುತ್ತ ಹೋಗುತ್ತಿದ್ದಳು. ಕೊನೆಯ ಅಕ್ಷರವನ್ನು ಸ್ವಲ್ಪ ಮೇಲಕ್ಕೆ ಎತ್ತಿ ಬಿಡುತ್ತಿದ್ದಳು. ಆ ಕೂಗಿಗೆ ನಾನು ಏಳುತ್ತಿದ್ದೆ. ಮುಖ ಒಂದೆರಡು ಸಲ ನೋಡಿದ್ದೆ. ಹೆಸರು ಗೊತ್ತಿರಲಿಲ್ಲ.

ಆ ವರ್ಷ ನಮಗೆ ಹೊಸ ಡಾಕ್ಟರ್ ಬಂದರು, ಸುಶೀಲಮ್ಮನವರು. ಗುರುವಾರ ಚರ್ಮದ ಕಾಯಿಲೆಗೆಂದು ಬೇರೆ ದಿನ ಇಟ್ಟರು. ಅಲ್ಲಿಯವರೆಗೆ ಕುಷ್ಠಕ್ಕೆ ಎಣ್ಣೆಯ ಇಂಜೆಕ್ಷನ್ ಚುಚ್ಚುತ್ತಿದ್ದರು. ಚುಚ್ಚಿದ ಕಡೆ ಗಂಟು ಕಟ್ಟುತ್ತಿತ್ತು, ಜನ ಎರಡನೇ ಸಲ ಬರುತ್ತಿರಲಿಲ್ಲ. ಈಗ ಸಣ್ಣ ಬಿಳಿ ಮಾತ್ರೆ ಬಂದಿತ್ತು. ಬಿಡದೆ ನುಂಗಿದರೆ ವಾಸಿಯಾಗುತ್ತದೆ, ಬೇಗ ಬಂದರೆ ಬೆರಳೂ ಉಳಿಯುತ್ತದೆ ಎಂದು ಡಾಕ್ಟರಮ್ಮ ಹೇಳುತ್ತಿದ್ದರು. ರೋಗಿಯ ಕಣ್ಣು ಮುಚ್ಚಿಸಿ, ಮಚ್ಚೆಯ ಮೇಲೆ ಕೋಳಿಯ ಗರಿ ಆಡಿಸಿ, ಗೊತ್ತಾಯಿತೇ ಎಂದು ಕೇಳುತ್ತಿದ್ದರು.

ಸೊಪ್ಪಿನ ಹೆಂಗಸು ಹೀಗೆ ಬಂದವಳು. ಎಡ ಮುಂಗೈ ಮೇಲೆ ಅಂಗೈಯಗಲದ ಒಂದು ಮಸುಕು ಮಚ್ಚೆ. ಗರಿ ಆಡಿಸಿದ್ದು ಗೊತ್ತಾಗುವುದಿಲ್ಲ. ಡಾಕ್ಟರಮ್ಮ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಬಾಗಿಲು ಹಾಕಿ, ಮೆಲ್ಲಗೆ ಹೇಳಿದರಂತೆ: "ಇದಕ್ಕೆ ಕುಷ್ಠ ಅಂತಾರೆ. ಹೆಸರು ಹೆದರಿಸುತ್ತೆ. ಆದರೆ ಇದು ವಾಸಿಯಾಗುತ್ತೆ. ನಿಮ್ಮದು ಇನ್ನೊಬ್ಬರಿಗೆ ಅಂಟೋ ಬಗೆಯೂ ಅಲ್ಲ. ಮಾತ್ರೆ ಮಾತ್ರ ತಪ್ಪಿಸಬೇಡಿ." ಇದನ್ನು ನನಗೆ ಆಮೇಲೆ ಡಾಕ್ಟರಮ್ಮನೇ ಹೇಳಿದರು. ಮೊದಲ ಮೂರು ಗುರುವಾರ ಮಾತ್ರೆಯನ್ನು ಅವರೇ ಕೋಣೆಯಲ್ಲಿ ಕೊಟ್ಟಿದ್ದರು. ನಾಲ್ಕನೆಯ ಗುರುವಾರ ಜನ ಹೆಚ್ಚಾಗಿ, ಚೀಟಿಯನ್ನು ನನ್ನ ಕಿಟಕಿಗೆ ಕಳಿಸಿದರು.

ಆ ದಿನ ಸೀತಾರಾಮಯ್ಯನವರು ರಜ. ಮಳೆಗಾಲದ ಜ್ವರಕ್ಕೆ ಜಗಲಿ ತುಂಬಿತ್ತು. ನಾನು ಅಳತೆಯ ಗ್ಲಾಸನ್ನು ಕಣ್ಣಿನ ಮಟ್ಟಕ್ಕೆ ಹಿಡಿದೇ ಕೆಲಸ ಮಾಡುತ್ತಿದ್ದೆ. ಚೀಟಿಯಲ್ಲಿ "ನಂಜಮ್ಮ, ಚಿಕ್ಕಲಸಂದ್ರ" ಎಂದಿತ್ತು. ಮಾತ್ರೆ ಪೊಟ್ಟಣ ಕಟ್ಟಿ ಊರು, ಹೆಸರು ಕೂಗಿದೆ. ಕಾಯಿಲೆ ಹೇಳುವ ಮೊದಲೇ ಕಿಟಕಿಗೆ ಒಂದು ಕೈ ಬಂತು. ಮುದಿ ಕೈ, ಹಸಿರು ಬಳೆ, ಒಂದು ಖಾಲಿ ಬಾಟಲಿ. ಮಾತ್ರೆಗೆ ಬಾಟಲಿ ಯಾರೂ ತರುವುದಿಲ್ಲ. ಇವಳು ಬೇರೆ ನಂಜಮ್ಮ, ಕೆಳಗಿದ್ದ ಕೆಮ್ಮಿನ ಚೀಟಿಯವಳು ಎಂದು ತಿಳಿಯಿತು. ಸರಿಯಾದ ಹೊತ್ತಿಗೆ ತಪ್ಪು ಹಿಡಿದೆನಲ್ಲ ಎಂದು ಒಳಗೇ ಹೆಮ್ಮೆಯೂ ಆಯಿತು. ಅದನ್ನು ಮುಚ್ಚಿಡುವುದಿಲ್ಲ.

"ನೀನಲ್ಲಮ್ಮ, ನಿಂದು ಕೆಮ್ಮು. ಚಿಕ್ಕಲಸಂದ್ರದ ನಂಜಮ್ಮ, ಕುಷ್ಠ! ಕುಷ್ಠದ ನಂಜಮ್ಮ ಎಲ್ಲಿ?"

ಜಗಲಿ ಸುಮ್ಮನಾಯಿತು. ಆಗ ಬಗ್ಗಿ ನೋಡಿದೆ.

ಮುದುಕಿ ಕಿಟಕಿಗೆ ಬೆನ್ನು ಹಾಕಿ ತಿರುಗಿದ್ದಳು. ಜಗಲಿಯ ತುದಿಯ ಕಂಬದ ಹತ್ತಿರ, ಸೊಪ್ಪಿನ ಬುಟ್ಟಿಯ ಪಕ್ಕ, ತಲೆಯ ಮೇಲೆ ಸೆರಗು ಎಳೆದುಕೊಂಡು ಒಬ್ಬಳು ಕೂತಿದ್ದಳು.

"ಸಣ್ಣೀ, ನೀನಾ?" ಎಂದಳು ಮುದುಕಿ. ಗಟ್ಟಿಯಾಗಿ ಅನ್ನಲಿಲ್ಲ.

ಅವರು ಅತ್ತೆ, ಸೊಸೆ. ಮನೆಯಲ್ಲಿ ದೊಡ್ಡನಂಜಮ್ಮ, ಸಣ್ಣನಂಜಮ್ಮ. ನಮ್ಮ ಚೀಟಿಯಲ್ಲಿ ಇಬ್ಬರೂ ಬರೀ ನಂಜಮ್ಮ. ಅತ್ತೆ ಕೆಮ್ಮಿಗೆಂದು ಅದೇ ದಿನ ಬಂದುಬಿಟ್ಟಿದ್ದಳು. ಸೊಸೆ ಕಾಣಿಸಿಕೊಳ್ಳದ ಹಾಗೆ ಕಂಬದ ಮರೆಗೆ ಕೂತಿದ್ದಳು.

ಪಕ್ಕದಲ್ಲಿದ್ದವರು ಎದ್ದು ಜರುಗಿದರು. ಜಯನಗರದ ಮನೆಯೊಡತಿ ಒಬ್ಬರು, "ಅಯ್ಯೋ ದೇವ್ರೇ, ನಿನ್ನೆ ತಾನೇ ಇವಳ ಹತ್ರ ದಂಟು ತಗೊಂಡೆನಲ್ರೀ" ಎಂದರು. ಸಣ್ಣನಂಜಮ್ಮ ಎದ್ದಳು. ಓಡಲಿಲ್ಲ, ಮೆಟ್ಟಿಲಿಳಿದು, ಕಲ್ಲುಗಳ ನಡುವಿನ ದಾರಿಯಲ್ಲಿ ನಡೆದು ಹೋದಳು. ಪೊಟ್ಟಣ ನನ್ನ ಕೈಯಲ್ಲೇ ಉಳಿಯಿತು. ಬುಟ್ಟಿ ಕಂಬದ ಹತ್ತಿರವೇ ಉಳಿಯಿತು.

ಸಂಜೆಯವರೆಗೆ ಆ ಬುಟ್ಟಿಯನ್ನು ಯಾರೂ ಮುಟ್ಟಲಿಲ್ಲ. ಕೊನೆಗೆ ಮೇರಿಯಮ್ಮ ಸೊಪ್ಪನ್ನು ಮನೆಗೆ ಒಯ್ದರು. ಮಾರನೆಯ ದಿನ ಎಲ್ಲರಿಗೂ ಕೇಳುವ ಹಾಗೆ, "ಸಾರು ಮಾಡಿದೆ. ಬಲೇ ರುಚಿ. ಬದುಕಿದೀನಿ, ನೋಡ್ಕೊಳ್ಳಿ" ಎಂದರು. ಖಾಲಿ ಬುಟ್ಟಿಯನ್ನು ಔಷಧಿ ಕೋಣೆಯ ಮೊಳೆಗೆ ನೇತುಹಾಕಿ, ನನ್ನ ಕಡೆ ನೋಡಿ, "ಅವಳು ಬಂದ್ಮೇಲೆ ಕೊಡಿ" ಎಂದರು.

ಡಾಕ್ಟರಮ್ಮ ನನ್ನನ್ನು ಬೈಯಲಿಲ್ಲ. ಕೋಣೆಗೆ ಕರೆದು ಒಂದು ಹಾಳೆ ಕೊಟ್ಟರು.

"ಏನು ಕೂಗಿದ್ರೋ ಅದನ್ನೇ ಬರೀರಿ. ಒಂದು ಮಾತೂ ಬಿಡಬೇಡಿ."

ಬರೆದೆ.

"ಈಗ ಓದಿ. ಕಿಟಕೀಲಿ ಕೂಗಿದ ಹಾಗೇ."

ನಾನು ಹಾಳೆ ಹಿಡಿದುಕೊಂಡು ನಿಂತೆ. ಬಾಯಿ ತೆರೆದೆ. ಆಗಲಿಲ್ಲ. ಆ ಕೋಣೆಯಲ್ಲಿ ಇದ್ದದ್ದು ನಾವಿಬ್ಬರೇ, ಆದರೂ ಆಗಲಿಲ್ಲ.

ಡಾಕ್ಟರಮ್ಮ ಹಾಳೆಯನ್ನು ವಾಪಸ್ ತೆಗೆದುಕೊಂಡು, "ಅವರು ಬಿಟ್ಟಿದ್ದು ಸೊಪ್ಪಿನ ಬುಟ್ಟಿ ಒಂದೇ ಅಲ್ಲ" ಎಂದರು. "ಮಾತ್ರೆಯನ್ನೂ ಬಿಟ್ಟು ಹೋಗಿದಾರೆ. ಮೊಣಕೈ ಹತ್ರ ನರ ಆಗಲೇ ದಪ್ಪ ಆಗಿದೆ. ತಿಂಗಳುಗಟ್ಟಲೆ ಬಿಟ್ರೆ ಆ ಕೈ ಬೆರಳು ಮಡಚಿಕೊಳ್ಳುತ್ತೆ. ಆಮೇಲೆ ಯಾರು ಮೆಲ್ಲಗೆ ಮಾತಾಡಿದ್ರೂ ಅದು ನೆಟ್ಟಗಾಗಲ್ಲ. ಅವರನ್ನ ಕರ್ಕೊಂಡು ಬರಬೇಕು."

ನಮ್ಮ ರಸ್ತೆಯಲ್ಲಿ ಬೆಳಗಿನ ಕೂಗು ನಿಂತಿತ್ತು. ಎರಡು ಗುರುವಾರ ಕಾದೆ. ಮೂರನೆಯ ವಾರ ಸೈಕಲ್ ಹತ್ತಿ ಚಿಕ್ಕಲಸಂದ್ರಕ್ಕೆ ಹೋದೆ. ಇದು ನನ್ನ ಎರಡನೆಯ ತಪ್ಪು. ದವಾಖಾನೆಯ ಚೀಲ ಹೆಗಲಿಗೆ ಹಾಕಿಕೊಂಡು, ಅಂಗಡಿ ಮುಂದೆ ನಿಂತು, "ದವಾಖಾನೆಗೆ ಬರೋ ನಂಜಮ್ಮನ ಮನೆ ಯಾವುದು?" ಎಂದು ಕೇಳಿದೆ. ಅಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದುವರೆಗೆ ಆ ಊರಲ್ಲಿ ವಿಷಯ ಎಷ್ಟು ಜನಕ್ಕೆ ಗೊತ್ತಿತ್ತೋ ತಿಳಿಯದು. ನಾನು ಹೋದ ಮೇಲೆ ಎಲ್ಲರಿಗೂ ಗೊತ್ತಾಗಿರಬೇಕು.

ದೊಡ್ಡನಂಜಮ್ಮ ಬಾಗಿಲಲ್ಲಿ ನಿಂತು ಕೇಳಿದಳು: "ಇನ್ನೊಂದು ಕಿತ ಕೂಗಾಕ್ಕೆ ಬಂದ್ಯೇನಪ್ಪಾ?"

ಅವಳ ಮಗ ಮುನಿಸ್ವಾಮಿ, ಸಣ್ಣನಂಜಮ್ಮನ ಗಂಡ, ಹೊಲದಿಂದ ಬಂದು ಬೇಲಿಯ ಹತ್ತಿರ ನನ್ನೊಡನೆ ಮಾತಾಡಿದ. ಹೆಂಡತಿಗೆ ಮನೆಯಲ್ಲಿ ಬೇರೆ ತಟ್ಟೆ ಇಟ್ಟಿದ್ದರು, ದನದ ಕೊಟ್ಟಿಗೆಯಲ್ಲಿ ಚಾಪೆ ಹಾಕಿದ್ದರು. ಎಂಟು ದಿನ ನೋಡಿ ಅವನೇ ವಸಂತಪುರಕ್ಕೆ, ಅವಳ ತಾಯಿಯ ಮನೆಗೆ ಬಿಟ್ಟು ಬಂದಿದ್ದ. ನಾಲ್ಕು ವರ್ಷದ ಮಗಳು ಗೌರಿಯನ್ನು ಅತ್ತೆ ಕಳಿಸಲಿಲ್ಲ.

"ಮಗು ರಾತ್ರಿ ಎಲ್ಲಾ ಅಳ್ತೈತೆ ಸಾರ್. ನಾನೇನ್ ಮಾಡ್ಲಿ? ಇವಳು ನನ್ ಹೆತ್ತೋಳು, ಅವಳು ನನ್ ಹೆಂಡ್ತಿ."

ಔಷಧಿ ಕೋಣೆಗೆ ಬಂದರೆ ಮೊಳೆಯಲ್ಲಿ ಬುಟ್ಟಿ ಇತ್ತು.

ಇನ್ನು ಕಿಟಕಿಯಲ್ಲಿ ಕಾಯಿಲೆಯ ಹೆಸರು ಕೂಗಕೂಡದು, ಎಲ್ಲರನ್ನೂ ಬಹುವಚನದಲ್ಲಿ ಕರೆಯಬೇಕು ಎಂದು ಡಾಕ್ಟರಮ್ಮ ಹೇಳಿದಾಗ ಸೀತಾರಾಮಯ್ಯನವರು ಸುಮ್ಮನಿರಲಿಲ್ಲ.

"ಸೊಪ್ಪು ಮಾರೋಳಿಗೆ ಬನ್ನಿ, ಕೂತ್ಕೊಳ್ಳಿ ಅಂದ್ರೆ ಕಾಯಿಲೆ ಓಡಿಹೋಗುತ್ತಾ ಅಮ್ಮಾ?"

"ಕಾಯಿಲೆ ಓಡಲ್ಲ ಸೀತಾರಾಮಯ್ಯ. ಅವರು ಬರ್ತಾರೆ. ಅವರು ಬಂದ್ರೆ ತಾನೇ ಮಾತ್ರೆ ಕೆಲಸ ಮಾಡೋದು?"

"ಸರಿ. ನಾಳೆ ಇನ್ನೊಬ್ಬ ಮುನಿಯಪ್ಪ ಉಜ್ಜೋ ಎಣ್ಣೆ ಕುಡಿದು ಸತ್ರೆ?"

ಡಾಕ್ಟರಮ್ಮನಿಗೆ ಉತ್ತರ ಇರಲಿಲ್ಲ. ಇಲ್ಲ ಎಂದು ಒಪ್ಪಿಕೊಂಡರು. ನಾನು ಕಂಡ ಮೇಲಧಿಕಾರಿಗಳಲ್ಲಿ ಹಾಗೆ ಒಪ್ಪಿಕೊಂಡವರು ಕಡಿಮೆ. ನಂಬರಿನ ಬಿಲ್ಲೆ ಕೊಡೋಣ ಎಂದೆವು. ಅರ್ಧ ಜನಕ್ಕೆ ಅಂಕಿ ಓದಲು ಬರುತ್ತಿರಲಿಲ್ಲ. ದಾರಿ ತೋರಿಸಿದವರು ಮೇರಿಯಮ್ಮ. ನೆಲ ಒರೆಸುತ್ತಲೇ ಹೇಳಿದರು:

"ಓಟು ಹಾಕ್ಸಿದ್ರಲ್ಲ, ನಮಗೆ ಓದೋಕೆ ಬರುತ್ತಾ ಅಂತ ಕೇಳಿದ್ರಾ? ಪೆಟ್ಟಿಗೆ ಮೇಲೆ ಚಿತ್ರ ಅಂಟ್ಸಿದ್ರು. ನೋಡ್ಕೊಂಡು ಹಾಕ್ಬಂದ್ವಿ."

ಔಷಧಿ ಬರುತ್ತಿದ್ದ ಮರದ ಪೆಟ್ಟಿಗೆಗಳನ್ನು ಒಡೆದು, ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಬಿಲ್ಲೆಗಳನ್ನು ನಾನೇ ಕೊಯ್ದೆ. ಒಂದೊಂದು ಚಿತ್ರಕ್ಕೆ ಎರಡೆರಡು: ಒಂದು ರೋಗಿಯ ಕೈಗೆ, ಒಂದು ಬಾಟಲಿಯ ಕತ್ತಿಗೆ. ಎರಡೂ ಕೂಡಿದರೆ ಮಾತ್ರ ಔಷಧಿ. ಮೊದಲ ಕಂತೆಯಲ್ಲಿ ಪ್ರಾಣಿಗಳನ್ನು ಬರೆದೆ. ಅದೂ ತಪ್ಪಾಯಿತು. ಉತ್ತರಹಳ್ಳಿಯ ಗೌಡರೊಬ್ಬರು ಬಿಲ್ಲೆಯನ್ನು ಕಿಟಕಿಯಲ್ಲಿ ಕುಕ್ಕಿ, "ನಾನೇನ್ರೀ ಎಮ್ಮೆ? ಬೇರೆ ಕೊಡ್ರೀ" ಎಂದರು. ಮೈ ತುಂಬಿದ ಹೆಂಗಸೊಬ್ಬರಿಗೆ ಆನೆ ಹೋಗಿ, ಅವರು ಆ ದಿನ ಔಷಧಿಯನ್ನೇ ಬಿಟ್ಟು ಹೋದರು. ಎರಡನೆಯ ಕಂತೆಯಲ್ಲಿ ಕೊಡೆ, ದೀಪ, ಬೀಗದ ಕೈ, ಚೊಂಬು, ಏಣಿ, ಗಡಿಯಾರ ಬರೆದೆ. ಯಾರೂ ಜಗಳವಾಡಲಿಲ್ಲ. ಜಗಲಿಯಲ್ಲಿ ಈಗ "ಕೊಡೆಯವರು ಬನ್ನಿ" ಎಂಬ ಕೂಗು ಮಾತ್ರ ಕೇಳುತ್ತಿತ್ತು. ನಗು ಕಡಿಮೆಯಾಯಿತು. ಕೆಲಸ ಕೆಡಲಿಲ್ಲ. ಅದೇ ವಾರ ಕಿಟಕಿಯ ಮೇಲಿನ ಹಲಗೆಯನ್ನೂ ನಾನು ಕಿತ್ತೆ.

ವಸಂತಪುರಕ್ಕೆ ನಾನೂ ಮೇರಿಯಮ್ಮನೂ ಹೋದೆವು. ಈ ಸಲ ಚೀಲ ಇರಲಿಲ್ಲ. ಗುಡ್ಡದ ಮೇಲಿನ ದೇವಸ್ಥಾನಕ್ಕೆ ಬಂದವರ ಹಾಗೆ ಊರು ಹೊಕ್ಕು, ಮೇರಿಯಮ್ಮ ಹೂವು ಕೊಳ್ಳುವ ನೆಪದಲ್ಲಿ ಮನೆ ಪತ್ತೆ ಮಾಡಿದರು. ಸಣ್ಣನಂಜಮ್ಮ ಹಿತ್ತಲಲ್ಲಿ ಕನಕಾಂಬರ ಬಿಡಿಸುತ್ತಿದ್ದಳು. ನನ್ನನ್ನು ನೋಡಿ ಕೈ ನಿಂತಿತು. ಎಡಗೈಯ ಕಿರುಬೆರಳಿನ ಮೇಲೆ ದೊಡ್ಡ ಬೊಬ್ಬೆ ಎದ್ದಿತ್ತು. ಒಲೆಯ ಮೇಲಿನ ಮಡಕೆ ಇಳಿಸುವಾಗ ಸುಟ್ಟದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ. ಆ ಬೆರಳೂ ಪಕ್ಕದ್ದೂ ಸ್ವಲ್ಪ ಒಳಕ್ಕೆ ಬಾಗಿದ್ದವು. ಎರಡು ತಿಂಗಳ ಹಿಂದೆ ಅವು ನೆಟ್ಟಗಿದ್ದವು ಎಂದು ಡಾಕ್ಟರಮ್ಮನ ಪುಸ್ತಕದಲ್ಲಿದೆ.

"ತಪ್ಪಾಯ್ತು ನಂಜಮ್ಮನವರೇ" ಎಂದೆ. ದಾರಿಯುದ್ದಕ್ಕೂ ಬೇರೆ ಏನೇನೋ ಯೋಚಿಸಿಕೊಂಡು ಹೋಗಿದ್ದೆ. ಅಷ್ಟೇ ಬಂತು.

ಅವಳು ಹೂವು ಬಿಡಿಸುವುದನ್ನು ಮುಂದುವರಿಸಿದಳು. "ನೀವು ಒಂದು ಕಿತ ಕೂಗಿದ್ರಿ. ಊರು ಇವತ್ಗೂ ಕೂಗ್ತಾ ಐತೆ."

ಮೇರಿಯಮ್ಮ ನೆಲದ ಮೇಲೆ ಕೂತು ಅವಳ ಬುಟ್ಟಿಗೆ ಹೂವು ಬಿಡಿಸತೊಡಗಿದರು. "ಬೈಯಮ್ಮ, ಚೆನ್ನಾಗಿ ಬೈಯಿ. ಅದಕ್ಕೇ ಕರ್ಕೊಂಡ್ ಬಂದಿದೀನಿ. ಬೈದ್ಮೇಲೆ ಮಾತ್ರೆ ನುಂಗು."

ಅವಳು ನಕ್ಕಳು ಎಂದು ಹೇಳಲಾರೆ. ತುಟಿ ಸ್ವಲ್ಪ ಅಲುಗಿತು. ನಾನು ಬಿಲ್ಲೆಗಳ ಕಂತೆ ತೆಗೆದು ತೋರಿಸಿದೆ. ಇನ್ನು ಮೇಲೆ ಯಾರ ಹೆಸರನ್ನೂ ಕಾಯಿಲೆಯನ್ನೂ ಕೂಗುವುದಿಲ್ಲ ಎಂದೆ. ಅವಳು ಒಂದೊಂದನ್ನೇ ತಿರುಗಿಸಿ ನೋಡಿದಳು.

"ಇವೆಲ್ಲಾ ಮುಂದೆ ಬರೋರಿಗಾಯ್ತು. ನಂದು ಕೂಗಿ ಆಗೋಗೈತಲ್ಲ. ಅದನ್ನ ಯಾವ ಮರದ ತುಂಡು ವಾಪಸ್ ತಂದಾತು?"

ನಾನು ಬಿಲ್ಲೆಗಳನ್ನು ಮತ್ತೆ ಕಂತೆ ಕಟ್ಟಿದೆ.

"ನಾನು ಬತ್ತೀನಿ" ಎಂದಳು ಕೊನೆಗೆ. "ಮಾತ್ರೆನೂ ತಗೋತೀನಿ. ಒಂದು ಮಾತು ಕೊಡ್ಬೇಕು. ವಾಸಿ ಆದ್ ದಿನ, ನಾನು ಹೇಳಿದ ದಿನ, ಅದೇ ಕಿಟಕೀಲಿ ನಿಂತ್ಕಂಡು, ಅದೇ ಗಂಟ್ಲಲ್ಲಿ ಕೂಗ್ಬೇಕು. ನಮ್ಮತ್ತೆ ಕೇಳ್ಬೇಕು. ಆಗ್ತೈತಾ?"

ಆಗುತ್ತದೆ ಎಂದೆ. ಹೇಳಿದ ಮೇಲೆ ಯೋಚನೆ ಬಂತು: ವಾಸಿಯಾಗದಿದ್ದರೆ?

ಮುಂದಿನ ಗುರುವಾರ ಅವಳು ಬಂದಳು. ಬಂದು, ಕಿಟಕಿಗೆ ಬರದೆ, ಜಗಲಿಯ ಕಂಬದ ಹತ್ತಿರವೇ ಕೂತಳು. ಪೊಟ್ಟಣವನ್ನು ನಾನೇ ಹೊರಗೆ ಒಯ್ದು ಕೊಡುತ್ತಿದ್ದೆ. ಮೂರು ಮೈಲಿಗೂ ಹೆಚ್ಚು ದಾರಿ, ಮಳೆಯಿರಲಿ ಬಿಸಿಲಿರಲಿ, ಒಂದು ವಾರವೂ ತಪ್ಪಿಸಲಿಲ್ಲ. ಎರಡನೆಯ ತಿಂಗಳಲ್ಲಿ ಮುನಿಸ್ವಾಮಿ ಗೌರಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದ. ಅವನ ತಾಯಿಗೆ ಸಂತೆಗೆ ಎಂದು ಹೇಳಿದ್ದನಂತೆ. ಮಗು ಸ್ವಲ್ಪ ಹೊತ್ತು ದೂರ ನಿಂತು, ಆಮೇಲೆ ಅಮ್ಮನ ಮಡಿಲಿಗೆ ಹೋಯಿತು. ಎತ್ತಿಕೊಳ್ಳಬಹುದೇ ಎಂದು ಸಣ್ಣನಂಜಮ್ಮ ಡಾಕ್ಟರಮ್ಮನ ಕಡೆ ನೋಡಿದಳು. "ನೋಡ್ತೀರೇನು? ಎತ್ಕೊಳ್ಳಿ" ಎಂದರು ಅವರು. ಅಂದಿನಿಂದ ಪ್ರತಿ ಗುರುವಾರ ಆ ಸಂಸಾರ ನಮ್ಮ ಜಗಲಿಯಲ್ಲಿ ಒಂದು ಗಂಟೆ ಕೂಡಿರುತ್ತಿತ್ತು. ರಾಗಿರೊಟ್ಟಿ ಗಂಟು ಬಿಚ್ಚಿ ಮೂವರೂ ತಿನ್ನುತ್ತಿದ್ದರು.

ಸೀತಾರಾಮಯ್ಯನವರು ಕುಷ್ಠದವರಿಗೆ ಏನು ಕೊಟ್ಟರೂ ಮೊದಲಿಂದಲೂ ಕೈ ತಾಗದ ಹಾಗೆ ಗೇಣು ಎತ್ತರದಿಂದ ಅಂಗೈಗೆ ಬಿಡುತ್ತಿದ್ದರು. ನಾನೂ ಹಾಗೇ ಕಲಿತಿದ್ದೆ. ಒಂದು ಗುರುವಾರ ನಾನಿಲ್ಲದಾಗ ಅವರೇ ಕಂಬದವರೆಗೆ ಹೋಗಿ, ಪೊಟ್ಟಣವನ್ನು ಸಣ್ಣನಂಜಮ್ಮನ ಅಂಗೈಯಲ್ಲಿ ಇಟ್ಟರು; ಬಾಗಿಲಿಂದ ಬರುತ್ತ ನೋಡಿದೆ. ಆಮೇಲೆ ಒಳಗೆ ಬಂದು ಸೋಪು ಹಚ್ಚಿ ಕೈ ತೊಳೆದುಕೊಂಡರು. ಅದನ್ನೂ ನೋಡಿದೆ. ಎರಡನ್ನೂ ಬರೆದಿದ್ದೇನೆ, ಯಾಕೆಂದರೆ ಎರಡೂ ನಡೆದವು.

ಈ ನಡುವೆ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು, ಕುಷ್ಠದವರ ಚೀಟಿಯ ಮೂಲೆಗೆ ಕೆಂಪು ಇಂಕಿನಲ್ಲಿ ಸೊನ್ನೆ ಹಾಕಬೇಕೆಂದು ಹೇಳಿ ಹೋದರು. ಆ ಚೀಟಿಯನ್ನು ಜನ ಸೊಂಟಕ್ಕೆ ಸಿಕ್ಕಿಸಿಕೊಂಡು ಬಸ್ಸಿನಲ್ಲಿ, ರಸ್ತೆಯಲ್ಲಿ ತಿರುಗುತ್ತಿದ್ದರು. ಡಾಕ್ಟರಮ್ಮ ಇಡೀ ಸಂಜೆ ಯೋಚಿಸಿ, ಮಾರನೆಯ ದಿನ ಕೆಂಪು ಇಂಕಿನ ಬಾಟಲಿ ನನ್ನ ಮುಂದಿಟ್ಟರು. "ಹಾಕಿ. ಎಲ್ಲರಿಗೂ ಹಾಕಿ. ನೆಗಡಿಗೂ ಹಾಕಿ." ಮತ್ತೆ ಬಂದಾಗ ಆ ಅಧಿಕಾರಿ ತಲೆನೋವಿಗೆ ಎರಡು ಮಾತ್ರೆ ಕೇಳಿದರು. ಚೀಟಿ ಬರೆದು, ಮೂಲೆಗೆ ಸೊನ್ನೆ ಹಾಕಿ ಕೊಟ್ಟೆ. ಅವರು ಅದನ್ನು ಸ್ವಲ್ಪ ಹೊತ್ತು ನೋಡಿದರು. ಕೆಂಪು ಸೊನ್ನೆಯ ಮಾತು ಮತ್ತೆ ಬರಲಿಲ್ಲ.

ಎರಡು ವರ್ಷದ ಮೇಲಾಯಿತು. ಮಚ್ಚೆ ಮೊದಲು ಅಂಚಿನಲ್ಲಿ ಮಾಸಿ, ಆಮೇಲೆ ಹುಡುಕಿದರೆ ಕಾಣುವಷ್ಟಾಯಿತು. ಗರಿ ಆಡಿಸಿದರೆ ಒಂದು ಕಡೆ ಬಿಟ್ಟು ಉಳಿದೆಡೆ ಗೊತ್ತಾಗುತ್ತಿತ್ತು. ಪಕ್ಕದ ಬೆರಳು ನೆಟ್ಟಗಾಯಿತು. ಕಿರುಬೆರಳು ನೆಟ್ಟಗಾಗಲಿಲ್ಲ, ಮಾತ್ರೆಯಿಲ್ಲದ ಆ ವಾರಗಳಲ್ಲಿ ಅದು ಹೋಯಿತು ಎಂದು ಡಾಕ್ಟರಮ್ಮ ಹೇಳಿದರು. ನನ್ನ ಮುಖ ನೋಡಿ ಹೇಳಲಿಲ್ಲ. ಮಾತ್ರೆ ಇನ್ನು ಸಾಕು ಎಂದು ಹೇಳಿದ ದಿನ ಸಣ್ಣನಂಜಮ್ಮ ಮೊದಲ ಸಲ ಕಿಟಕಿಯವರೆಗೆ ನಡೆದು ಬಂದಳು.

"ಬರೋ ಗುರುವಾರ ನಮ್ಮತ್ತೆ ಕೆ‌ಮ್ಮಿಗೆ ಬತ್ತಾಳೆ. ಗೌರಿ ಅಪ್ಪ ಕರ್ಕೊಂಡ್ ಬತ್ತಾರೆ. ಮಾತು ನೆಪ್ಪೈತಾ?"

"ಇದೆ. ಏನಂತ ಕೂಗ್ಲಿ ಹೇಳಿ. ಕಾಯಿಲೆ ಹೆಸರು ಬಿಟ್ಟುಬಿಡ್ಲಾ?"

ಅವಳು ಯೋಚಿಸಿದಳು. "ಬಿಡ್ಬೇಡಿ. ಅವತ್ತು ಅಂದಿದ್ದು ಅದನ್ನೇ ತಾನೆ. ಬೇರೇನಾದ್ರೂ ಅಂದ್ರೆ, ವಾಸಿಯಾಗಿದ್ದು ಅದೇಯಾ ಅಂತ ಅವರಿಗೆ ಹೆಂಗ್ ಗೊತ್ತಾದಾತು?"

ಡಾಕ್ಟರಮ್ಮನನ್ನು ಕೇಳಿದೆ. ನಾವು ಮಾಡಿದ ನಿಯಮವನ್ನು ನಾವೇ ಮುರಿದ ಹಾಗಾಗುವುದಿಲ್ಲವೇ ಎಂದೆ. "ನಿಯಮ ಯಾರಿಗೋಸ್ಕರ ಮಾಡಿದ್ವಿ?" ಎಂದರು. "ಅವರ ವಿಷಯ ಅವರದ್ದು. ಮುಚ್ಚಿಡು ಅಂದ್ರೆ ಮುಚ್ಚಿಡಬೇಕು, ಹೇಳು ಅಂದ್ರೆ ಹೇಳಬೇಕು."

ಆ ಗುರುವಾರವೂ ಜಗಲಿ ತುಂಬಿತ್ತು. ದೊಡ್ಡನಂಜಮ್ಮ ಕೈಯಲ್ಲಿ ದೀಪದ ಬಿಲ್ಲೆ ಹಿಡಿದು ಮುಂದಿನ ಸಾಲಿನಲ್ಲಿ ಕೂತಿದ್ದಳು. ಪಕ್ಕದಲ್ಲಿ ಮಗ, ಮೊಮ್ಮಗಳು. ಸೊಸೆ ಕಂಬದ ಹತ್ತಿರ, ಈ ಸಲ ಸೆರಗಿಲ್ಲದೆ ನಿಂತಿದ್ದಳು. ನನ್ನ ಕಡೆ ನೋಡಿ ತಲೆಯಾಡಿಸಿದಳು. ಎಲ್ಲರ ಮುಖವೂ ಕಾಣುತ್ತಿತ್ತು.

"ಚಿಕ್ಕಲಸಂದ್ರದ ಸೊಪ್ಪಿನ ನಂಜಮ್ಮನವರೇ! ನಿಮ್ಮ ಕುಷ್ಠ ವಾಸಿಯಾಗಿದೆ. ಮಾತ್ರೆ ಮುಗಿದಿದೆ. ಯಾರಿಗೂ ಅಂಟುವ ಕಾಯಿಲೆ ಅದಾಗಿರಲಿಲ್ಲ. ಅವತ್ತು ಹೀಗೆ ಕೂಗಿದ್ದು ನನ್ನ ತಪ್ಪು!"

ಕೊನೆಯ ಮಾತನ್ನು ಅವಳು ಹೇಳಿಕೊಟ್ಟಿರಲಿಲ್ಲ. ಅದು ನನ್ನದು.

ಸಣ್ಣನಂಜಮ್ಮ ನಿಧಾನವಾಗಿ ನಡೆದು ಕಿಟಕಿಗೆ ಬಂದು, ಎಡಗೈ ಚಾಚಿದಳು. ಕಿರುಬೆರಳು ಬಾಗಿತ್ತು. ಕೊಡಲು ನನ್ನಲ್ಲಿ ಔಷಧಿ ಇರಲಿಲ್ಲ. ಮೊಳೆಯಿಂದ ಬುಟ್ಟಿ ತೆಗೆದು, ಧೂಳು ಒರೆಸಿ, ಆ ಕೈಗೆ ಕೊಟ್ಟೆ.

ದೊಡ್ಡನಂಜಮ್ಮ ಕೆಮ್ಮಿದಳು. ಬಿಲ್ಲೆಯನ್ನು ಕೈಯಿಂದ ಕೈಗೆ ಬದಲಾಯಿಸಿದಳು. ಆಮೇಲೆ ಸೊಸೆಯ ಕಡೆ ನೋಡದೆ, "ಬುಟ್ಟಿ ತಳ ಕಿತ್ತೋಗೈತೆ ಕಣೇ ಸಣ್ಣೀ. ಮನೇಲಿ ಬಿದ್ರು ಐತೆ, ನಡಿ, ಕಟ್ಕೊಡ್ತೀನಿ" ಎಂದಳು. ಗೌರಿ ಆಗಲೇ ಅಮ್ಮನ ಸೆರಗು ಹಿಡಿದಿದ್ದಳು.

ಮನೆಗೆ ಹೋದ ಮೇಲೆ ಬೇರೆ ತಟ್ಟೆ ಏನಾಯಿತು ಎಂದು ನನಗೆ ಗೊತ್ತಿಲ್ಲ. ಕೇಳುವುದು ನನ್ನ ಕೆಲಸವಲ್ಲ ಎಂದು ಕೇಳಲಿಲ್ಲ. ಜಯನಗರದ ಕೆಲವು ಮನೆಯವರು ಅವಳ ಸೊಪ್ಪನ್ನು ಕೊನೆಯವರೆಗೂ ಕೊಳ್ಳಲಿಲ್ಲ, ಕೆಲವರು ಕೊಂಡರು. ಅವಳ ನಂತರ ಬಂದ ಎಷ್ಟೋ ಜನ ಕೊಡೆ, ಏಣಿ, ಚೊಂಬು ಹಿಡಿದು ಬಂದು, ಯಾರಿಗೂ ತಿಳಿಯದೆ ವಾಸಿಯಾಗಿ ಹೋದರು. ಬೇರೆ ದವಾಖಾನೆಗೆ ವರ್ಗವಾದಾಗ ನಾನು ಹೊಸ ಕಂತೆ ಕೊಯ್ದುಕೊಂಡೆ. ಅಲ್ಲಿಯೂ ಕಿಟಕಿಗೆ ಹಲಗೆ ಇತ್ತು. ಅದನ್ನೂ ಕಿತ್ತೆ.

ನಾನು ಎರಡನೆಯ ಸಲ ಕೂಗಿದ ಆ ಗುರುವಾರ ಕಳೆದು ಒಂದು ವಾರವಿರಬಹುದು. ಬೆಳಿಗ್ಗೆ ಹಾಲಿನವನು ಬಂದು ಹೋಗಿದ್ದ. ನಾನು ಹಾಸಿಗೆಯಲ್ಲೇ ಇದ್ದೆ. ರಸ್ತೆಯ ಆ ತುದಿಯಿಂದ, ಮೊದಲು ಸ್ವಲ್ಪ ಸಣ್ಣಗೆ, ಎರಡನೆಯ ಸಲ ಪೂರ್ತಿ ಗಂಟಲಲ್ಲಿ, ಕೊನೆಯ ಅಕ್ಷರವನ್ನು ಮೇಲಕ್ಕೆತ್ತಿ ಬಿಡುವ ಅದೇ ರೀತಿಯಲ್ಲಿ ಕೂಗು ಕೇಳಿತು.

"ದಂಟೂ, ಸಬ್ಬಸಿಗೇ, ಮೆಂತ್ಯಾ..."

ಎದ್ದು, ಬಾಗಿಲು ತೆರೆದು, ಅವಳು ಬರುವವರೆಗೆ ಮೆಟ್ಟಿಲ ಮೇಲೆ ನಿಂತೆ.